ಓವರ್‌ಕ್ಲಾಕ್ ಮಾಡಿದ (ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿದ) ರೈಜನ್ 5600 ಪ್ರೊಸೆಸರಿಗೆ, ಗೇಮ್ ಆಡಲಿಕ್ಕೆ, 4000ದ ರ‍್ಯಾಮ್ ಹಾಕಬಹುದಾ? ಯಾವ ಕಂಪನಿಯದ್ದು ಒಳ್ಳೆಯದು?

ಯಾವ ಕಂಪನಿಯದ್ದೂ ಬೇಡ. ಈಗ 3200ರದ್ದು 16 ಜಿಬಿ ಇದೆ, ಒಮ್ಮೊಮ್ಮೆ ಮಾತ್ರ ವಿಂಡೋಸ್ ಕುಸಿದು ನೀಲಿ ಪರದೆ ಬರುತ್ತದೆ, ಉಳಿದಂತೆ ಸ್ಟೇಬಲ್ ಅಂತ ಬರೆದಿದ್ದೀರಿ. ಒಮ್ಮೊಮ್ಮೆ ನೀಲಿ ಪರದೆ ಬಂದರೆ ಅದು ಸ್ಟೇಬಲ್ ಹೇಗೆ ಆಗುತ್ತದೆ ಮಾರಾಯ್ರೆ? ನಾನೂ ಹೀಗೇ ಹೇಳಿಕೊಂಡು ತಿರುಗಿದವನು.

ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮದುವೆ, ಉಪನಯನ, ಯಕ್ಷಗಾನ, ಕರೆದಲ್ಲಿಗೆ ಹೋಗಿ ವಿಡಿಯೊ ಮಾಡುತ್ತೇನೆ, ಮನೆಯಲ್ಲೇ ಎಡಿಟಿಂಗ್. ರೈಜನ್ 5 3600 ಪ್ರೊಸೆಸರ್ ಇತ್ತು. ಎಲ್ಲ ಕೋರ್‌ಗಳನ್ನೂ 4.2 ಗಿಗಾಹರ್ಟ್ಸ್‌ಗೆ ಏರಿಸಿ ಇಟ್ಟಿದ್ದೆ. 2021ರ ಡಿಸೆಂಬರ್‌ನಲ್ಲಿ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ 4000ದ ಒಂದು ಜೋಡಿ ಸ್ಟಿಕ್ ತಂದೆ. ಎಕ್ಸ್‌ಎಂಪಿ (ರ‍್ಯಾಮನ್ನು ಡಬ್ಬದ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡಿದೆ, ಬೂಟ್ ಆಯಿತು. ಎಡಿಟಿಂಗ್‌ನಲ್ಲಿ ಮಾತ್ರ ಎಂತದೂ ವ್ಯತ್ಯಾಸ ಇಲ್ಲ!

ಯಾಕೆ ಅಂತ ಆಮೇಲೆ ಗೊತ್ತಾಯಿತು. 4000 ಅಂತ ಬರೆದ ರ‍್ಯಾಮ್ ನಿಜಕ್ಕೂ ಓಡುವುದು 2000 ಮೆಗಾಹರ್ಟ್ಸ್‌ನಲ್ಲಿ. ಪ್ರತಿ ಬಡಿತಕ್ಕೆ ಎರಡು ಸಲ ಡೇಟಾ ಹೋಗುತ್ತದೆ, ಹಾಗಾಗಿ 4000. ರೈಜನ್ ಒಳಗೆ ಇನ್‌ಫಿನಿಟಿ ಫ್ಯಾಬ್ರಿಕ್ ಅಂತ, ಡೇಟಾ ಓಡಾಡುವ ಒಂದು ದಾರಿ ಇದೆ. ಅದೂ ರ‍್ಯಾಮೂ ಒಂದೇ ತಾಳದಲ್ಲಿ ಹೋದರೆ ಲಾಭ. ಆ ದಾರಿ ಸಾಮಾನ್ಯವಾಗಿ 1800ರವರೆಗೆ ತಕರಾರಿಲ್ಲದೆ ಹೋಗುತ್ತದೆ, ಅಂದರೆ 3600ರ ರ‍್ಯಾಮ್. 1900 ಸಿಕ್ಕಿದರೆ ಅದೃಷ್ಟ. 2000ಕ್ಕೆ ಹೆಚ್ಚಿನ ಚಿಪ್‌ಗಳು ಒಪ್ಪುವುದಿಲ್ಲ. ಆಗ ಬೋರ್ಡು ತಾನೇ ಮೆಮೊರಿ ಕಂಟ್ರೋಲರನ್ನು ಅರ್ಧ ವೇಗಕ್ಕೆ ಇಳಿಸಿಬಿಡುತ್ತದೆ. ಭಾಗವತರದ್ದು ಒಂದು ತಾಳ, ಮದ್ದಳೆಯದ್ದು ಇನ್ನೊಂದು ಆದ ಹಾಗೆ.

ದುಡ್ಡು ಕೊಟ್ಟಿದ್ದೇನಲ್ಲ, ಬಿಡಲು ಮನಸ್ಸಿಲ್ಲ. ರ‍್ಯಾಮ್ 3800ಕ್ಕೆ ಇಳಿಸಿ, ಫ್ಯಾಬ್ರಿಕ್ 1900ಕ್ಕೆ ಏರಿಸಿ ಕೈಯಾರೆ ಕೂರಿಸಿದೆ. ರಾತ್ರಿ ಹನ್ನೊಂದಕ್ಕೆ, ಡಿಸೆಂಬರ್‌ನ ತಂಪಿನಲ್ಲಿ, ಇಪ್ಪತ್ತು ನಿಮಿಷ ಬೆಂಚ್‌ಮಾರ್ಕ್ ಓಡಿಸಿದೆ. ಪಾಸ್. ಮಲಗಿದೆ.

ಏಪ್ರಿಲ್‌ನಲ್ಲಿ ಪೆರ್ಲದ ಕಡೆ ಒಂದು ಮನೆಯವರ ಹರಕೆಯ ಯಕ್ಷಗಾನ ಆಟ. ರಾತ್ರಿಯಿಡೀ ಎರಡು ಕ್ಯಾಮೆರಾ. ಬೆಳಿಗ್ಗೆ ಬಂದು ನಿದ್ದೆ ಮಾಡಿ, ಮಧ್ಯಾಹ್ನ ಕಾರ್ಡುಗಳನ್ನು ಕಂಪ್ಯೂಟರಿಗೆ ಹಾಕಿ ಕಾಪಿ ಮಾಡಿದೆ. ಅಲ್ಲಿಂದ ಎರಡನೇ ಡಿಸ್ಕಿಗೆ ಇನ್ನೊಂದು ಕಾಪಿ. ಅಂದು ರಾತ್ರಿ ಬೇರೆ ಕಡೆ ಆಟ ಇತ್ತು. ಪತ್ತನಾಜೆಯ (ಮೇ ಕೊನೆಗೆ ಆಟಗಳ ತಿರುಗಾಟ ಮುಗಿಯುವ ದಿನ) ಒಳಗೆ ಎಲ್ಲರದ್ದೂ ಮುಗಿಯಬೇಕು ನೋಡಿ, ಬಿಡುವೇ ಇರುವುದಿಲ್ಲ. ಕಾರ್ಡು ಎರಡನ್ನೂ ಫಾರ್ಮ್ಯಾಟ್ ಮಾಡಿದೆ.

ತಪ್ಪು ಆದದ್ದು ಇಲ್ಲಿ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ. ಕಾರ್ಡಿನಿಂದ ಡಿಸ್ಕಿಗೆ ಫೈಲ್ ನೇರವಾಗಿ ಹಾರುವುದಿಲ್ಲ. ಮೊದಲು ರ‍್ಯಾಮಿಗೆ ಬರುತ್ತದೆ, ಅಲ್ಲಿಂದ ಡಿಸ್ಕಿಗೆ. ರ‍್ಯಾಮ್‌ನಲ್ಲಿ ಒಂದು ಬಿಟ್ ತಿರುಗಿದರೆ ಡಿಸ್ಕು ಆ ತಪ್ಪನ್ನೇ ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಕಂಪ್ಯೂಟರ್ ಒಂದು ಮಾತೂ ಹೇಳುವುದಿಲ್ಲ. ನನ್ನ ಎರಡನೇ ಕಾಪಿಯೂ ಅದೇ ಕೆಟ್ಟ ಕಾಪಿಯ ನಕಲು, ಅದೂ ಅದೇ ರ‍್ಯಾಮ್ ಮೂಲಕ ಹೋದದ್ದು. ಎರಡು ಕಡೆ ಇದೆ ಅಂತ ಧೈರ್ಯ ನನಗೆ! ಕಾಪಿ ಆದ ಕೂಡಲೇ ಎರಡನ್ನೂ ತಾಳೆ ನೋಡುವ ಸಾಫ್ಟ್‌ವೇರ್ ಸಹ ಓಡಿಸಿದ್ದೆ. ಎಲ್ಲ ಸರಿ ಅಂದಿತು. ಅನ್ನದೆ ಏನು ಮಾಡುತ್ತದೆ, ಈಗಷ್ಟೇ ಕಾಪಿ ಮಾಡಿದ ಫೈಲನ್ನು ವಿಂಡೋಸ್ ಮತ್ತೆ ಡಿಸ್ಕಿನಿಂದಲೇ ಓದಬೇಕೆಂದಿಲ್ಲ, ರ‍್ಯಾಮ್‌ನಲ್ಲಿ ಉಳಿದದ್ದನ್ನೇ ತೋರಿಸಿಬಿಡಬಹುದು. ಕಳ್ಳನನ್ನೇ ಸಾಕ್ಷಿಗೆ ಕರೆದ ಹಾಗಾಯಿತು.

ಮೂರು ಫೈಲ್ ತೆರೆಯಲೇ ಇಲ್ಲ. ಉಳಿದವುಗಳಲ್ಲಿ ಅಲ್ಲಲ್ಲಿ, ಚೆಂಡೆ ಏರುವ ಹೊತ್ತಿಗೇ, ಪರದೆ ತುಂಬ ಹಸಿರು ಚೌಕ. ಆ ಮನೆಯವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೂ ನನಗೆ ರ‍್ಯಾಮ್ ಮೇಲೆ ಸಂಶಯ ಬರಲಿಲ್ಲ. ಕರೆಂಟಿನ ಏರಿಳಿತ ಅಂತ ಹೊಸ ಯುಪಿಎಸ್ ತಂದೆ. ವಿಂಡೋಸ್ ಎರಡು ಸಲ ಹಾಕಿದೆ. ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ಓಡಿಸಿದೆ. ರಾತ್ರಿ ಒಂದೂ ಎರರ್ ಇಲ್ಲ. ಮರುದಿನ ಮಧ್ಯಾಹ್ನ, ಮೇಲೆ ಶೀಟು, ಒಳಗೆ ಬೆವರು, ಎರಡನೇ ಸುತ್ತಿಗೇ ಕೆಂಪು ಸಾಲು. ಪ್ರೊಸೆಸರ್ ಓವರ್‌ಕ್ಲಾಕ್ ತೆಗೆದೆ, ಆಗಲೂ ಎರರ್. ರ‍್ಯಾಮ್ 3600, ಫ್ಯಾಬ್ರಿಕ್ 1800 ಮಾಡಿದೆ, ನಿಂತಿತು. ಅಂಚಿನಲ್ಲಿ ಓಡುವ ರ‍್ಯಾಮ್‌ಗೆ ಬಿಸಿ ಹಿಡಿಸುವುದಿಲ್ಲ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಪಾಸ್ ಆಗದ ಸೆಟ್ಟಿಂಗ್‌ಗೆ ನಾನು ಈಗ ಬೆಲೆ ಕೊಡುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಿರುವುಮುರುವು. ವೇಗದ ರ‍್ಯಾಮ್ ಹಾಕಿದರೆ ನೀಲಿ ಪರದೆ ಹೋಗುವುದಿಲ್ಲ, ಇನ್ನೂ ಜಾಸ್ತಿ ಆಗಬಹುದು. ಮೊದಲು ಪ್ರೊಸೆಸರನ್ನು ಮೊದಲಿನ ಸ್ಥಿತಿಗೆ ತನ್ನಿ. ಎರಡನ್ನೂ ಒಟ್ಟಿಗೆ ಏರಿಸಿದರೆ ತಪ್ಪು ಯಾರದ್ದು ಅಂತ ಗೊತ್ತಾಗುವುದೇ ಇಲ್ಲ. ಈಗ ಇರುವ 3200ರಲ್ಲೇ ಒಂದು ಬಿಸಿ ಮಧ್ಯಾಹ್ನ ಮೆಮ್‌ಟೆಸ್ಟ್ ನಾಲ್ಕು ಸುತ್ತು ಮುಗಿಯಲಿ. ಒಂದೇ ಒಂದು ಎರರ್ ಬಂದರೂ ಅದು ಫೇಲ್.

ಅದೆಲ್ಲ ಆದ ಮೇಲೂ ಕೈ ತುರಿಸಿದರೆ 3600, ಸಿಎಲ್16 (ಸಿಎಲ್ ಅಂದರೆ ಕೇಳಿದ ಡೇಟಾ ಕೊಡುವ ಮೊದಲು ರ‍್ಯಾಮ್ ಕಾಯಿಸುವ ಬಡಿತಗಳ ಎಣಿಕೆ), ಎರಡೇ ಸ್ಟಿಕ್. ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್ (ಬೋರ್ಡಿನ ಪುಸ್ತಕ ಒಮ್ಮೆ ನೋಡಿ). ಬರೀ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ, ಕಾಯುವ ಹೊತ್ತು ಸಿಗುತ್ತದೆ. 3200 ಸಿಎಲ್16ಕ್ಕೆ 10 ನ್ಯಾನೊಸೆಕೆಂಡ್, 3600 ಸಿಎಲ್18ಕ್ಕೂ ಅದೇ 10. 3600 ಸಿಎಲ್16ಕ್ಕೆ 8.9. 4000 ಸಿಎಲ್19ಕ್ಕೆ 9.5. ಈ ಚಿಲ್ಲರೆಗೆ ಇಷ್ಟು ರಾದ್ಧಾಂತ ಬೇಕಾ? ನಿಮ್ಮ 5600ಕ್ಕೆ ಎಎಂಡಿ ಹೇಳುವುದೇ 3200. ಅದರ ಮೇಲೆ ಹೋದದ್ದೆಲ್ಲ, ಎಕ್ಸ್‌ಎಂಪಿ ಸೇರಿ, ಓವರ್‌ಕ್ಲಾಕೇ. ಗೇಮ್‌ಗೆ ಅಂತ ಕೇಳಿದ್ದೀರಲ್ವಾ, ಆ ದುಡ್ಡನ್ನು ಗ್ರಾಫಿಕ್ಸ್ ಕಾರ್ಡಿಗೆ ಕೂಡಿಸಿ ಇಡಿ.

ನನ್ನ 4000ದ ಜೋಡಿ ಇನ್ನೂ ಇದೆ. 3600ರಲ್ಲೇ ಓಡುತ್ತಿದೆ. ಕಾರ್ಡುಗಳನ್ನು ಈಗ ಮೊದಲು ಹೆಂಡತಿಯ ಹಳೆ ಲ್ಯಾಪ್‌ಟಾಪಿಗೆ ಕಾಪಿ ಮಾಡುತ್ತೇನೆ.