ಕಂಬದ ಕರೆಂಟ್ ಇಲ್ಲದ ಮನೆ: ಸೋಲಾರ್ ಸುರಕ್ಷತೆ ಬಗ್ಗೆ ಓದುಗರ ಪ್ರಶ್ನೆಗಳು

ಗ್ರಿಡ್ ಸಂಪರ್ಕ ಇಲ್ಲದೆ ಪೂರ್ತಿ ಸೋಲಾರ್ ನಂಬಿಕೊಂಡು ಮನೆ ನಡೆಸುವವರಿಂದ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ಹೆಚ್ಚಿನವರು ಕೇಳಿರುವುದು ಎಷ್ಟು ಯೂನಿಟ್ ಸಿಗುತ್ತದೆ ಅಂತ. ನಾನು ಮಾತ್ರ ಆ ಕರೆಂಟನ್ನು ನಿಲ್ಲಿಸುವುದು ಹೇಗೆ ಎನ್ನುವ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ. ಇಂಥ ಮನೆಯಲ್ಲಿ ಏನಾದರೂ ಎಡವಟ್ಟಾದರೆ ಬೀದಿಯ ಕಂಬದಲ್ಲೋ ಟ್ರಾನ್ಸ್‌ಫಾರ್ಮರ್‌ನಲ್ಲೋ ಫ್ಯೂಸ್ ಹಾರಿ ನಿಮ್ಮನ್ನು ಕಾಪಾಡುವುದಿಲ್ಲ. ನೀವು ಹಾಕಿಕೊಂಡಿದ್ದಷ್ಟೇ ರಕ್ಷಣೆ.

ಪ್ರಶ್ನೆ: ಮನೆಯಲ್ಲಿ ಉಳಿದಿದ್ದ 32 ಆಂಪಿಯರ್‌ನ ಮಾಮೂಲಿ ಎಂಸಿಬಿಯನ್ನೇ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಪ್ಯಾನೆಲ್ ಮತ್ತು ಚಾರ್ಜ್ ಕಂಟ್ರೋಲರ್ (ಬ್ಯಾಟರಿ ಚಾರ್ಜ್ ಆಗುವುದನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ನಡುವೆ ಹಾಕಿದ್ದೇನೆ. ಪ್ಯಾನೆಲ್‌ನಿಂದ ಬರುವುದು 10 ಆಂಪಿಯರ್ ಅಷ್ಟೇ. ಇಷ್ಟು ದಿನ ಏನೂ ತೊಂದರೆ ಆಗಿಲ್ಲ. ಸಾಕಲ್ವಾ?

ಉತ್ತರ: ಸಾಲದು. ಇದನ್ನು ತಡ ಮಾಡದೆ ಬದಲಾಯಿಸಿ, ದಯವಿಟ್ಟು. ತೊಂದರೆ ಆಗಿಲ್ಲ ಅಂದರೆ, ಕರೆಂಟ್ ಜೋರಾಗಿ ಹರಿಯುತ್ತಿರುವಾಗ ನೀವು ಅದನ್ನು ಇನ್ನೂ ಆಫ್ ಮಾಡಿಲ್ಲ ಅಂತಷ್ಟೇ ಅರ್ಥ.

ಸ್ವಿಚ್ ತೆರೆದಾಗ ಒಳಗಿನ ಎರಡು ತುದಿಗಳ ನಡುವೆ ಕಿಡಿ ಹುಟ್ಟುತ್ತದೆ. ಮಾಮೂಲಿ ಎಂಸಿಬಿ ಮಾಡಿರುವುದು ಕಂಬದಿಂದ ಬರುವ ಎಸಿ ಕರೆಂಟಿಗೆ. 50 ಹರ್ಟ್ಸ್ ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಆ ಕಿಡಿ ಬೇಗ ಸಾಯುತ್ತದೆ. ಪ್ಯಾನೆಲ್, ಬ್ಯಾಟರಿ ಕೊಡುವುದು ಒಂದೇ ದಿಕ್ಕಿಗೆ ಹರಿಯುವ ಡಿಸಿ, ಅದರಲ್ಲಿ ಸೊನ್ನೆ ಎನ್ನುವುದೇ ಬರುವುದಿಲ್ಲ. ಬಿಸಿಲು ಇರುವವರೆಗೂ ಪ್ಯಾನೆಲ್ ತಳ್ಳುತ್ತಲೇ ಇರುತ್ತದೆ, ಕಿಡಿ ಉರಿಯುತ್ತಲೇ ಇರುತ್ತದೆ, ಎಂಸಿಬಿಯ ಪ್ಲಾಸ್ಟಿಕ್ ಕರಗಿ ಅಲ್ಲೇ ಬೆಂಕಿ ಹತ್ತಬಹುದು. ಮೂರ್ನಾಲ್ಕು ಪ್ಯಾನೆಲ್ ಸೀರೀಸ್‌ನಲ್ಲಿದ್ದರೆ (ವೋಲ್ಟೇಜ್ ಕೂಡುವಂತೆ ಒಂದರ ಹಿಂದೊಂದು ಒಂದೇ ಸಾಲಾಗಿ ಜೋಡಿಸಿದ್ದರೆ) ಅಪಾಯ ಇನ್ನೂ ಜಾಸ್ತಿ. ಡಿಸಿಗೆಂದೇ ಮಾಡಿದ, ನಿಮ್ಮ ಸಾಲಿನ ಪೂರ್ತಿ ವೋಲ್ಟೇಜ್ ತಡೆಯುವ ಎಂಸಿಬಿ ಅಥವಾ ಐಸೊಲೇಟರ್ (ಕೈಯಿಂದ ಸಂಪರ್ಕ ಕಡಿಯುವ ಸ್ವಿಚ್) ತನ್ನಿ. ಕೆಲವು ಡಿಸಿ ಎಂಸಿಬಿಗಳ ಮೇಲೆ ಪ್ಲಸ್, ಮೈನಸ್ ಗುರುತು ಇರುತ್ತದೆ. ಅದನ್ನು ತಿರುಗಾಮುರುಗಾ ಜೋಡಿಸಿದರೆ ಕಿಡಿ ಆರಿಸುವ ಒಳಗಿನ ಆಯಸ್ಕಾಂತ ಉಲ್ಟಾ ಕೆಲಸ ಮಾಡುತ್ತದೆ, ಆಗ ಒಳ್ಳೆಯ ಎಂಸಿಬಿಯೂ ಸುಟ್ಟು ಹೋಗುತ್ತದೆ.

ಇನ್ನೊಂದು ವಿಷಯ. ಪ್ಯಾನೆಲ್ ವೈರುಗಳು ಒಂದಕ್ಕೊಂದು ಶಾರ್ಟ್ ಆದರೂ ಹರಿಯುವುದು ಮಾಮೂಲಿಗಿಂತ ಸ್ವಲ್ಪವೇ ಜಾಸ್ತಿ ಕರೆಂಟ್. 10 ಆಂಪಿಯರ್ ಇದ್ದದ್ದು 11 ಆಗಬಹುದು. ನಿಮ್ಮ 32ರ ಎಂಸಿಬಿ ಅದಕ್ಕೆ ಯಾವತ್ತೂ ಟ್ರಿಪ್ ಆಗುವುದಿಲ್ಲ. ಅಂದರೆ ಒಂದೇ ಸಾಲಿನ ಪ್ಯಾನೆಲ್‌ಗೆ ಅದು ಕೈಯಿಂದ ಆಫ್ ಮಾಡುವ ಸ್ವಿಚ್ ಮಾತ್ರ, ತಾನಾಗಿ ಕಾಪಾಡುವ ಸಾಧನ ಅಲ್ಲ. ಮೂರು ಅಥವಾ ಅದಕ್ಕಿಂತ ಹೆಚ್ಚು ಸಾಲುಗಳನ್ನು ಪ್ಯಾರಲಲ್ ಮಾಡಿದ್ದರೆ, ಅಂದರೆ ಕರೆಂಟ್ ಕೂಡುವಂತೆ ಅಕ್ಕಪಕ್ಕ ಜೋಡಿಸಿದ್ದರೆ, ಕಥೆ ಬೇರೆ. ಕೆಟ್ಟ ಸಾಲಿಗೆ ಉಳಿದವೆಲ್ಲ ಸೇರಿ ಕರೆಂಟ್ ನುಗ್ಗಿಸುತ್ತವೆ, ಅಲ್ಲಿ ಒಂದೊಂದು ಸಾಲಿಗೂ ಫ್ಯೂಸ್ ಬೇಕು.

ಬದಲಾಯಿಸುವ ಕೆಲಸವನ್ನು ಕತ್ತಲಾದ ಮೇಲೆ ಮಾಡಿಸಿ. ಹಗಲಲ್ಲಿ ಪ್ಯಾನೆಲ್ಲಿನ ಕನೆಕ್ಟರ್ ಎಳೆದು ಬಿಚ್ಚುವ ಸಾಹಸ ಬೇಡ, ಅಲ್ಲೂ ಅದೇ ಕಿಡಿ.

ಪ್ರಶ್ನೆ: 2000 ವ್ಯಾಟ್ ಇನ್ವರ್ಟರ್ ಹಾಕಬೇಕು. 12 ವೋಲ್ಟ್‌ನದು ಕಡಿಮೆಗೆ ಸಿಗುತ್ತಿದೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಅದೇ ಸುರಕ್ಷಿತ ಅಂತ ಸ್ನೇಹಿತರು ಹೇಳುತ್ತಾರೆ.

ಉತ್ತರ: ಶಾಕ್ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತು ಸರಿ, ಬೆಂಕಿ ವಿಷಯದಲ್ಲಿ ಅಲ್ಲ. 2000 ವ್ಯಾಟನ್ನು 12ರಿಂದ ಭಾಗಿಸಿ, 167 ಆಂಪಿಯರ್ ಬರುತ್ತದೆ. ಇನ್ವರ್ಟರ್ ಒಳಗೆ ನಷ್ಟವಾಗುವುದನ್ನೂ ಸೇರಿಸಿದರೆ 185ರ ಹತ್ತಿರ. ಅದೇ 48 ವೋಲ್ಟ್‌ನಲ್ಲಿ ಸುಮಾರು 46. ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ನಾಲ್ಕು ಪಟ್ಟಾದರೆ ಅದೇ ವೈರಿನಲ್ಲಿ, ಅದೇ ಸಡಿಲ ಬೋಲ್ಟಿನಲ್ಲಿ ಬಿಸಿ 16 ಪಟ್ಟು.

ಸೋಲಾರ್ ಮನೆಗಳಲ್ಲಿ ಸುಟ್ಟ ವಾಸನೆ ಬಂತು ಅಂದರೆ ನಾನು ಮೊದಲು ನೋಡಿ ಅನ್ನುವುದೇ ಬ್ಯಾಟರಿ ಮತ್ತು ಇನ್ವರ್ಟರ್ ನಡುವಿನ ಲಗ್‌ಗಳನ್ನು, ಅಂದರೆ ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆಗಳನ್ನು. ಸುತ್ತಿಗೆಯಿಂದ ಬಡಿದು ಕೂರಿಸಿದ ಲಗ್, ಅರ್ಧ ಬಿಗಿಯಾದ ನಟ್, ಅಷ್ಟು ಸಾಕು. ಲಗ್‌ಗಳನ್ನು ಸರಿಯಾದ ಕ್ರಿಂಪಿಂಗ್ ಟೂಲ್‌ನಿಂದಲೇ ಒತ್ತಿಸಿ. ನಟ್‌ಗಳನ್ನು ತಯಾರಕರು ಹೇಳಿದಷ್ಟು ಬಿಗಿ ಮಾಡಿಸಿ, ಕೆಲವು ವಾರ ಬಿಟ್ಟು ಮತ್ತೆ ನೋಡಿಸಿ. ಬರೀ ದೀಪ, ಫ್ಯಾನ್, ಮೊಬೈಲ್ ಚಾರ್ಜಿಂಗ್ ಸಾಕು ಅನ್ನುವವರಿಗೆ 12 ವೋಲ್ಟ್ ಆದೀತು. ಫ್ರಿಜ್, ಪಂಪ್ ಬೇಕು ಅಂದರೆ 48ಕ್ಕೇ ಹೋಗಿ. ಮೋಟಾರ್ ಇರುವ ಸಾಮಾನು ಶುರುವಾಗುವಾಗ ಒಂದು ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಜಾಗ ಇಲ್ಲದ್ದರಿಂದ ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳನ್ನು ಮಲಗುವ ಕೋಣೆಯ ಮೂಲೆಯಲ್ಲಿ ಇಟ್ಟಿದ್ದೇವೆ, ಮೇಲೆಯೇ ಇನ್ವರ್ಟರ್ ಇದೆ. ಇನ್ವರ್ಟರ್ ಒಳಗೆ ಫ್ಯೂಸ್ ಇರುವುದರಿಂದ ಬೇರೆ ಫ್ಯೂಸ್ ಹಾಕಿಲ್ಲ.

ಉತ್ತರ: ಬ್ಯಾಟರಿಗಳನ್ನು ಮಲಗುವ ಕೋಣೆಯಿಂದ ಹೊರಗೆ ಹಾಕಿ. ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ತುಂಬುತ್ತಾ ಬಂದ ಹಾಗೆ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹೈಡ್ರೋಜನ್ ಹಗುರ, ಮೇಲಕ್ಕೇ ಏರುತ್ತದೆ. ನೀವು ಕಿಡಿ ಹುಟ್ಟುವ ರಿಲೇಗಳಿರುವ (ತಾವಾಗಿ ಆನ್, ಆಫ್ ಆಗುವ ಸ್ವಿಚ್‌ಗಳಿರುವ) ಇನ್ವರ್ಟರನ್ನು ಸರಿಯಾಗಿ ಅದರ ದಾರಿಯಲ್ಲೇ ತೂಗುಹಾಕಿದ್ದೀರಿ! ಬ್ಯಾಟರಿ ಇರುವಲ್ಲಿ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಇರಲಿ, ಇನ್ವರ್ಟರ್ ಪಕ್ಕಕ್ಕೆ ಬರಲಿ.

ಈಗ ಫ್ಯೂಸ್. ಇನ್ವರ್ಟರ್ ಒಳಗಿನದು ಇನ್ವರ್ಟರನ್ನು ಕಾಯುತ್ತದೆ. ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರನ್ನು ಕಾಯುವವರು ಯಾರು? ಇಲಿ ಕಚ್ಚಿಯೋ, ಚೂಪು ಅಂಚಿಗೆ ಉಜ್ಜಿಯೋ ಆ ವೈರ್ ಶಾರ್ಟ್ ಆದರೆ ದೊಡ್ಡ ಬ್ಯಾಟರಿ ಸಾವಿರ ಆಂಪಿಯರ್‌ಗೂ ಮೀರಿ ಸುರಿಯಬಲ್ಲದು. ಪ್ಯಾನೆಲ್‌ಗೂ ಬ್ಯಾಟರಿಗೂ ಇರುವ ವ್ಯತ್ಯಾಸ ಇದೇ. ಹಾಗಾಗಿ ಬ್ಯಾಟರಿಯ ಪ್ಲಸ್ ತುದಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಫ್ಯೂಸ್ ಇರಬೇಕು, ವೈರ್ ತಡೆಯುವ ಕರೆಂಟಿಗಿಂತ ಅದರ ರೇಟಿಂಗ್ ಜಾಸ್ತಿ ಇರಬಾರದು. ಫ್ಯೂಸಿನ ಡಿಸಿ ವೋಲ್ಟೇಜನ್ನೂ ಓದಿ. ಕಾರಿನ ಆಡಿಯೋಗೆ ಬಳಸುವ ಎಎನ್ಎಲ್ ಫ್ಯೂಸ್‌ಗಳು ಸಾಮಾನ್ಯವಾಗಿ 32 ವೋಲ್ಟ್‌ವರೆಗೆ ಮಾತ್ರ, ಹಲವು ಬ್ಯಾಟರಿ ಸೇರಿಸಿ ಮಾಡಿದ 48 ವೋಲ್ಟ್‌ನ ಜೋಡಣೆಗೆ ಅವು ಬೇಡ. ಲಿಥಿಯಂ ಬ್ಯಾಟರಿ ಆದರೆ ಕ್ಲಾಸ್ ಟಿ ಥರದ, ಭಾರಿ ಶಾರ್ಟ್ ಸರ್ಕ್ಯೂಟನ್ನೂ ಕತ್ತರಿಸಬಲ್ಲ ಫ್ಯೂಸೇ ಬೇಕು. ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ಸ್, ಅಂದರೆ ಬಿಎಂಎಸ್, ಇದೆಯಲ್ಲ ಅಂತ ಫ್ಯೂಸನ್ನು ಬಿಡಬೇಡಿ.

ಬ್ಯಾಟರಿ ಹತ್ತಿರ ಕೆಲಸ ಮಾಡುವಾಗ ಉಂಗುರ, ಲೋಹದ ವಾಚ್ ತೆಗೆದಿಡಿ. ಸ್ಪಾನರ್ ಹಿಡಿಗೆ ಇನ್ಸುಲೇಷನ್ ಇರಲಿ. 12 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಉಂಗುರ ಎರಡು ಟರ್ಮಿನಲ್ ನಡುವೆ ಸಿಕ್ಕಿಕೊಂಡರೆ ಬೆರಳನ್ನು ಸುಟ್ಟುಬಿಡುತ್ತದೆ.

ಪ್ರಶ್ನೆ: ನನ್ನ ಚಾರ್ಜ್ ಕಂಟ್ರೋಲರ್ 150 ವೋಲ್ಟ್ ತಡೆಯುತ್ತದೆ. ಪ್ಯಾನೆಲ್ ಹಿಂದೆ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಏನನ್ನೂ ಜೋಡಿಸದೆ ಇರುವಾಗಿನ ವೋಲ್ಟೇಜ್) 49 ಅಂತಿದೆ. ಮೂರನ್ನು ಸೀರೀಸ್ ಮಾಡಿದರೆ 147. ಸರಿ ತಾನೇ?

ಉತ್ತರ: ಆ 49 ಅಳೆದಿರುವುದು ಸೆಲ್ಲಿನ ತಾಪ 25 ಡಿಗ್ರಿ ಇದ್ದಾಗ. ತಂಪಾದಷ್ಟೂ ವೋಲ್ಟೇಜ್ ಏರುತ್ತದೆ, ಒಂದೊಂದು ಡಿಗ್ರಿಗೆ ನೂರಕ್ಕೆ 0.3ರ ಆಸುಪಾಸು. 5 ಡಿಗ್ರಿಯ ಮುಂಜಾನೆ ಬಿಸಿಲು ಬಿದ್ದ ಕೂಡಲೇ ನಿಮ್ಮ 147 ಸುಮಾರು 156 ಆಗುತ್ತದೆ, ಕಂಟ್ರೋಲರ್ ಅಲ್ಲಿಗೆ ಮುಗಿಯಿತು. ಇದಕ್ಕೆ ಯಾವ ಫ್ಯೂಸೂ ಅಡ್ಡ ಬರುವುದಿಲ್ಲ. ಒಂದು ಸಾಲಿಗೆ ಎರಡೇ ಪ್ಯಾನೆಲ್ ಮಾಡಿ.

ಪ್ರಶ್ನೆ: ಫ್ರಿಜ್ ಮುಟ್ಟಿದರೆ ಜುಮ್ ಅನ್ನುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಾಕಿದ್ದೇವೆ, ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆ. ಆದರೂ ಯಾಕೆ ಹೀಗೆ?

ಉತ್ತರ: ಈ ಪತ್ರಕ್ಕೆ ಬೇರೆಲ್ಲದಕ್ಕಿಂತ ಮೊದಲು ಉತ್ತರ ಬರೆದೆ. ದುರಸ್ತಿ ಆಗುವವರೆಗೆ ಆ ಫ್ರಿಜ್ ಪ್ಲಗ್ ತೆಗೆದಿಡಿ. ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಮಕ್ಕಳು ಮುಟ್ಟುವ ಸಾಮಾನು ಅದು.

ಟೆಸ್ಟ್ ಬಟನ್ ಆರ್‌ಸಿಸಿಬಿಯ ಒಳಗೇ ಫೇಸ್‌ನಿಂದ ನ್ಯೂಟ್ರಲ್‌ಗೆ ಸ್ವಲ್ಪ ಕರೆಂಟ್ ಹರಿಸಿ ನೋಡುತ್ತದೆ. ನಿಮ್ಮ ಅರ್ಥಿಂಗ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಂಬದ ಕರೆಂಟಿನಲ್ಲಿ ನ್ಯೂಟ್ರಲನ್ನು ಭೂಮಿಗೆ ಕಟ್ಟಿರುತ್ತಾರೆ, ಆದ್ದರಿಂದ ಸೋರಿದ ಕರೆಂಟ್ ಭೂಮಿಯ ಮೂಲಕ ವಾಪಸ್ ಹೋಗುತ್ತದೆ, ಆರ್‌ಸಿಸಿಬಿಗೆ ತಿಳಿಯುತ್ತದೆ. ಎಷ್ಟೋ ಆಫ್‌ಗ್ರಿಡ್ ಇನ್ವರ್ಟರ್‌ಗಳ ಔಟ್‌ಪುಟ್ ಭೂಮಿಗೆ ಸಂಬಂಧವೇ ಇಲ್ಲದೆ ತೇಲುತ್ತಿರುತ್ತದೆ. ಅಲ್ಲಿ ಮೊದಲ ದೋಷ ಗೊತ್ತೇ ಆಗದೆ ಕೂತಿರುತ್ತದೆ, ಎರಡನೆಯದು ಜೀವ ತೆಗೆಯಬಹುದು. ಜುಮ್ ಅನ್ನುವುದನ್ನು ನೋಡಿದರೆ ನಿಮ್ಮ ಫ್ರಿಜ್‌ನ ಲೋಹದ ಮೈಗೆ ಅರ್ಥ್ ವೈರ್ ತಲುಪಿಲ್ಲ ಅಂತಲೂ ಅನುಮಾನ.

ಫ್ರಿಜ್, ಇನ್ವರ್ಟರ್ ಬಾಡಿ, ಪ್ಯಾನೆಲ್ ಫ್ರೇಮ್ ಎಲ್ಲವೂ ಒಂದೇ ಅರ್ಥಿಂಗ್‌ಗೆ ಸೇರಬೇಕು. ನ್ಯೂಟ್ರಲನ್ನು ಭೂಮಿಗೆ ಕಟ್ಟುವುದು ಒಂದೇ ಒಂದು ಕಡೆ, ಆರ್‌ಸಿಸಿಬಿಗಿಂತ ಮೊದಲು. ಆದರೆ ಇದನ್ನು ಓದಿ ನೀವೇ ವೈರ್ ಹಿಡಿದು ಹೊರಡಬೇಡಿ. ಕೆಲವು ಇನ್ವರ್ಟರ್‌ಗಳಲ್ಲಿ ಆ ಜೋಡಣೆ ಒಳಗೇ ಇರುತ್ತದೆ, ಇನ್ನು ಕೆಲವು ಅದನ್ನು ಮಾಡಿದ ತಕ್ಷಣ ಸುಟ್ಟು ಹೋಗುತ್ತವೆ. ಮ್ಯಾನ್ಯುಯಲ್ ಕೈಗೆ ಕೊಟ್ಟು, ಇಂಥ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ಮುಗಿದ ಮೇಲೆ ಸಾಕೆಟ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಪರೀಕ್ಷಿಸುವ ಟೆಸ್ಟರ್‌ನಿಂದ ಆರ್‌ಸಿಸಿಬಿ ಟ್ರಿಪ್ ಆಗುವುದನ್ನು ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ.

ಪ್ರಶ್ನೆ: ಮೋಡದ ದಿನಗಳಲ್ಲಿ ಜನರೇಟರ್‌ನಿಂದ ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಮನೆಯ ಸಾಕೆಟ್‌ಗೆ ಚುಚ್ಚಿ ನಡೆಸಬಹುದೇ?

ಉತ್ತರ: ಬೇಡವೇ ಬೇಡ. ಹೊರಗೆ ಕಾಣುವ ಪ್ಲಗ್ಗಿನ ಪಿನ್‌ನಲ್ಲೇ 230 ವೋಲ್ಟ್ ಇರುತ್ತದೆ. ಇನ್ವರ್ಟರ್ ಆನ್ ಇದ್ದರೆ ಅದೂ ಹೋಯಿತು. ಇನ್ವರ್ಟರ್, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ ಅಥವಾ ಇನ್ವರ್ಟರ್‌ನ ಜನರೇಟರ್ ಇನ್‌ಪುಟ್ ಬಳಸಿ. ಜನರೇಟರ್ ಯಾವಾಗಲೂ ಮನೆಯ ಹೊರಗೆ, ಕಿಟಕಿಯಿಂದ ದೂರ ಇರಲಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ.

ಪ್ರಶ್ನೆ: ನಾನು ಮನೆಯಲ್ಲಿ ಇಲ್ಲದಾಗ ಹೊಗೆ ಬಂದರೆ ಮನೆಯವರು ಯಾವುದನ್ನು ಮೊದಲು ಆಫ್ ಮಾಡಬೇಕು?

ಉತ್ತರ: ಸ್ವಿಚ್‌ಗಳ ಹತ್ತಿರ ಹೋಗಲು ಆಗುವಂತಿದ್ದರೆ ಮೊದಲು ಇನ್ವರ್ಟರ್, ಆಮೇಲೆ ಪ್ಯಾನೆಲ್ಲಿನ ಡಿಸಿ ಐಸೊಲೇಟರ್, ಕೊನೆಗೆ ಬ್ಯಾಟರಿ. ಈ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ವಿಚ್ ಪಕ್ಕದಲ್ಲೇ ಅಂಟಿಸಿ, ಒಂದು ಸಲ ಎಲ್ಲರಿಂದಲೂ ಮಾಡಿಸಿ ನೋಡಿ. ಹೊಗೆ ಬ್ಯಾಟರಿಯಿಂದಲೇ ಬರುತ್ತಿದ್ದರೆ ಯಾವ ಸ್ವಿಚ್ಚೂ ಬೇಡ, ಎಲ್ಲರೂ ಹೊರಗೆ ಬನ್ನಿ, ಆ ಹೊಗೆ ವಿಷ. ಬೆಂಕಿ ಆರಿಸಲು ಬಂದವರಿಗೆ ಮೊದಲೇ ಎರಡು ಮಾತು ಹೇಳಿ: ಬ್ಯಾಟರಿ ಯಾವುದು, ಎಲ್ಲಿದೆ ಅಂತ, ಮತ್ತು ಎಲ್ಲ ಸ್ವಿಚ್ ಆಫ್ ಆಗಿದ್ದರೂ ಹಗಲಲ್ಲಿ ಪ್ಯಾನೆಲ್‌ನಿಂದ ಐಸೊಲೇಟರ್‌ವರೆಗಿನ ವೈರಿನಲ್ಲಿ ಕರೆಂಟ್ ಇರುತ್ತದೆ ಅಂತ.