ಕೋಳಿಮರಿ ಎತ್ತಿಕೊಂಡು ಹೋದದ್ದು ಹದ್ದೋ, ಗಿಡುಗವೋ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಟೆಹಕ್ಕಿಗಳನ್ನು ಕುರಿತವು. ಅವುಗಳಲ್ಲಿ ಐದನ್ನು ಆರಿಸಿಕೊಂಡು, ಒಂದೆರಡಕ್ಕೆ ತುಸು ದೀರ್ಘವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಹದಿನೈದು ನಾಟಿ ಕೋಳಿಗಳಿವೆ. ಬೇಸಿಗೆ ಶುರುವಾದಾಗಿನಿಂದ ಮರಿಗಳು ಒಂದೊಂದಾಗಿ ಮಾಯವಾಗುತ್ತಿವೆ. ಹದ್ದಿನ ಕಾಟ ಎಂದು ಪಕ್ಕದ ತೋಟದವರು ಮಾಂಸಕ್ಕೆ ವಿಷ ಬೆರೆಸಿ ಇಡಲು ಹೇಳುತ್ತಿದ್ದಾರೆ. ಇದು ಸರಿಯೇ? (ಓದುಗರು, ಕನಕಪುರ ತಾಲ್ಲೂಕು)

ಉತ್ತರ: ದಯವಿಟ್ಟು ವಿಷ ಇಡಬೇಡಿ. ಆ ಮಾಂಸವನ್ನು ತಿನ್ನುವುದು ನೀವು ಉದ್ದೇಶಿಸಿದ ಹಕ್ಕಿಯೊಂದೇ ಅಲ್ಲ. ನಿಮ್ಮ ನಾಯಿ, ಊರಿನ ಬೆಕ್ಕು, ಕಾಗೆ, ಮುಂಗುಸಿ ಎಲ್ಲವೂ ಅದಕ್ಕೆ ಬಾಯಿ ಹಾಕುತ್ತವೆ. ಇದಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಹಕ್ಕಿಗಳನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ.

ಮೊದಲು ಮರಿ ಒಯ್ಯುತ್ತಿರುವವರು ಯಾರೆಂದು ಗೊತ್ತುಮಾಡಿಕೊಳ್ಳಿ. ನಮ್ಮ ಊರುಗಳ ಮೇಲೆ ದಿನವೂ ಸುತ್ತುವ ಕಂದು ಬಣ್ಣದ ಹದ್ದಿನ ಬಾಲ ತುದಿಯಲ್ಲಿ ಕವಲೊಡೆದಿರುತ್ತದೆ, ಹಾರುವಾಗ ಅದು ಆ ಬಾಲವನ್ನು ಚುಕ್ಕಾಣಿಯಂತೆ ಅತ್ತಿತ್ತ ತಿರುಗಿಸುತ್ತದೆ. ಬಿಳಿಯ ತಲೆ, ಬಿಳಿಯ ಎದೆ ಮತ್ತು ಇಟ್ಟಿಗೆಯ ಬಣ್ಣದ ಮೈಯಿದ್ದರೆ ಅದು ಗರುಡ. ಅದರ ಬಾಲದ ತುದಿ ದುಂಡಗಿರುತ್ತದೆ. ಇವೆರಡೂ ಹೆಚ್ಚಾಗಿ ಸತ್ತ ಪ್ರಾಣಿ, ಮೀನು, ಕಸದ ರಾಶಿಯಲ್ಲಿ ಸಿಕ್ಕಿದ್ದನ್ನು ತಿಂದು ಬದುಕುತ್ತವೆ, ಗೂಡಿನಲ್ಲಿ ಮರಿಗಳಿದ್ದಾಗ ಮಾತ್ರ ಬಯಲಿನಲ್ಲಿ ಓಡಾಡುವ ಕೋಳಿಮರಿಯ ಮೇಲೂ ಕಣ್ಣು ಹಾಕುತ್ತವೆ. ಮೇಲೆ ಏನೂ ಸುತ್ತುತ್ತಿರಲಿಲ್ಲ, ಬೇಲಿಯ ಮರೆಯಿಂದ ನೆಲಕ್ಕೆ ತಾಗುವಂತೆ ಹಾರಿಬಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮರಿಯನ್ನು ಎತ್ತಿಕೊಂಡು ಹೋಯಿತು ಎನ್ನುವುದಾದರೆ ಅದು ಬಹುತೇಕ ಶಿಕ್ರಾ ಎಂಬ ಗಿಡುಗ. ಪಾರಿವಾಳದಷ್ಟೇ ಗಾತ್ರ, ಬೂದು ಬೆನ್ನು, ಎದೆಯ ಮೇಲೆ ಅಡ್ಡಡ್ಡ ಕೆಂಗಂದು ಗೆರೆ, ಗಿಡ್ಡ ರೆಕ್ಕೆ, ಉದ್ದ ಬಾಲ. ಇನ್ನು ವಿದ್ಯುತ್ ತಂತಿಯ ಮೇಲೆ ಕುಳಿತಿರುವ, ಗದ್ದೆಯ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ, ಕಪ್ಪು ಭುಜದ ಬಿಳಿಯ ಹಕ್ಕಿಯನ್ನು ಯಾರಾದರೂ ತೋರಿಸಿದರೆ ಅದನ್ನು ಖಂಡಿತ ಬಿಟ್ಟುಬಿಡಿ. ಅದು ಇಲಿಯನ್ನು ಹಿಡಿದು ನಿಮಗೆ ಉಪಕಾರ ಮಾಡುವ ಹಕ್ಕಿ.

ನಮ್ಮ ನುಡಿಯಲ್ಲಿ ಹದ್ದು, ಗಿಡುಗ, ಡೇಗೆ, ಸಾಳುವ ಎಂದು ಬೇರೆ ಬೇರೆ ಹೆಸರುಗಳಿರುವುದನ್ನು ನೋಡಿದರೆ ನಮ್ಮ ಹಿರಿಯರು ಈ ಹಕ್ಕಿಗಳನ್ನು ಎಷ್ಟು ಹತ್ತಿರದಿಂದ ಬಲ್ಲವರಾಗಿದ್ದರೆಂದು ತಿಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಡೇಗೆಗಳನ್ನು ಪಳಗಿಸಿ ಬೇಟೆಯಾಡಿಸುವ ವಿನೋದಕ್ಕೆಂದೇ ಒಂದು ಭಾಗವಿದೆ. ಈಗ ನಾವು ಎಲ್ಲವನ್ನೂ ಹದ್ದು ಎಂದುಬಿಡುತ್ತೇವೆ, ಒಂದರ ತಪ್ಪಿಗೆ ಇನ್ನೊಂದನ್ನು ಹೊಡೆಯುತ್ತೇವೆ.

ಪರಿಹಾರ ಸುಲಭವಾಗಿದೆ. ಹೇಂಟೆ ಮರಿ ಮಾಡಿದ ಮೊದಲ ಐದಾರು ವಾರ ಮರಿಗಳನ್ನು ಬಯಲಿಗೆ ಬಿಡದೆ ಹಳೆಯ ಕಾಲದವರಂತೆ ಮಂಕರಿಯ ಕೆಳಗೆ ಅಥವಾ ಮೇಲೆ ಬಲೆ ಕಟ್ಟಿದ ಅಂಗಳದಲ್ಲಿ ಇಡಿ. ತಿಪ್ಪೆಯ ಹತ್ತಿರ ತಗ್ಗಾದ ಪೊದೆಗಳಿದ್ದರೆ ಕಡಿಯಬೇಡಿ, ಹೇಂಟೆ ಎಚ್ಚರಿಕೆಯ ಕೂಗು ಹಾಕಿದ ಕೂಡಲೇ ಮರಿಗಳು ಓಡಿ ನುಗ್ಗುವುದು ಅಲ್ಲಿಗೇ. ಮನೆಯ ಹತ್ತಿರದ ಮರದಲ್ಲಿ ಕಾಜಾಣ ಗೂಡು ಕಟ್ಟಿದ್ದರೆ ಅದನ್ನು ಪುಣ್ಯವೆಂದೇ ತಿಳಿಯಿರಿ. ತನಗಿಂತ ಹಲವು ಪಟ್ಟು ದೊಡ್ಡದಾದ ಹದ್ದನ್ನೂ ಕಾಗೆಯನ್ನೂ ಅದು ತಲೆಗೆ ಕುಕ್ಕಿ ಕುಕ್ಕಿ ಅಟ್ಟುತ್ತದೆ, ಈ ರಕ್ಷಣೆಯ ಆಸೆಗೆ ಬೇರೆ ಸಣ್ಣ ಹಕ್ಕಿಗಳೂ ಅದೇ ಮರದಲ್ಲಿ ಗೂಡು ಮಾಡುವುದುಂಟು.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ಎತ್ತು ಸತ್ತರೆ ಊರ ಹೊರಗೆ ಹಾಕುತ್ತಿದ್ದರು, ಅರ್ಧ ದಿನದಲ್ಲಿ ರಣಹದ್ದುಗಳು ಮೂಳೆ ಮಾತ್ರ ಉಳಿಸುತ್ತಿದ್ದವು. ಈಗ ಒಂದೂ ಕಾಣುವುದಿಲ್ಲ. ದನಕ್ಕೆ ಕೊಡುವ ಚುಚ್ಚುಮದ್ದೇ ಇದಕ್ಕೆ ಕಾರಣ ಎನ್ನುತ್ತಾರೆ, ನಿಜವೇ? ಹೈನುಗಾರನಾದ ನಾನು ಏನು ಮಾಡಬಹುದು? (ಓದುಗರು, ಚನ್ನಪಟ್ಟಣ)

ಉತ್ತರ: ನಿಜ. ನಿಮ್ಮ ಪ್ರಶ್ನೆಯ ಕೊನೆಯ ಭಾಗವನ್ನು ಓದಿ ನನಗೆ ಬಹಳ ಸಂತೋಷವಾಯಿತು, ಏಕೆಂದರೆ ರಣಹದ್ದಿನ ಅಳಿವು ಉಳಿವು ನಿಮ್ಮಂತಹ ಹೈನುಗಾರರ ಕೊಟ್ಟಿಗೆಯಲ್ಲೇ ತೀರ್ಮಾನವಾಗುವ ವಿಷಯ.

1990ರ ದಶಕದಲ್ಲಿ ಭಾರತದ ರಣಹದ್ದುಗಳು ಹಿಂದೆಂದೂ ಕಾಣದ ವೇಗದಲ್ಲಿ ಸಾಯತೊಡಗಿದವು. 1992ರಿಂದ 2007ರ ನಡುವೆ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99.9ರಷ್ಟು ಕುಸಿಯಿತು, ಉದ್ದ ಕೊಕ್ಕಿನ ರಣಹದ್ದಿನ ಸ್ಥಿತಿಯೂ ಹೆಚ್ಚುಕಡಿಮೆ ಅಷ್ಟೇ ದಾರುಣವಾಗಿತ್ತು. ಮೊದಲಿಗೆ ಯಾವುದೋ ಸಾಂಕ್ರಾಮಿಕ ರೋಗವಿರಬೇಕೆಂದು ಶಂಕಿಸಿದ್ದರು. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನ ನಿಜವಾದ ಕಾರಣವನ್ನು ತೋರಿಸಿತು: ದನಗಳ ನೋವು ಮತ್ತು ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಈ ಔಷಧ ಕೊಟ್ಟ ಕೆಲವೇ ದಿನಗಳಲ್ಲಿ ರಾಸು ಸತ್ತರೆ ಅದು ಮಾಂಸದಲ್ಲಿ ಉಳಿದಿರುತ್ತದೆ. ಅಂತಹ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ಹೊರಹೋಗಬೇಕಾದ ಯೂರಿಕ್ ಆಮ್ಲ ದೇಹದಲ್ಲೇ ಶೇಖರವಾಗುತ್ತದೆ. ಸತ್ತ ಹಕ್ಕಿಯನ್ನು ಕೊಯ್ದು ನೋಡಿದರೆ ಹೃದಯ ಮತ್ತು ಯಕೃತ್ತಿನ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರ ಕಾಣುತ್ತದೆ. ಕೊಳೆತ ಮಾಂಸವನ್ನೂ ರೋಗಾಣುಗಳನ್ನೂ ಅರಗಿಸಿಕೊಳ್ಳುವ ಜಠರವುಳ್ಳ ಹಕ್ಕಿಗೆ ನಮ್ಮ ಒಂದು ನೋವಿನ ಮದ್ದನ್ನು ತಾಳಿಕೊಳ್ಳಲು ಆಗಲಿಲ್ಲ.

ನೂರಾರು ಹೆಣಗಳಲ್ಲಿ ಒಂದರಲ್ಲಿ ಈ ಔಷಧವಿದ್ದರೂ ಇಡೀ ಸಂತತಿ ಕುಸಿಯುವುದಕ್ಕೆ ಸಾಕು. ಒಂದೇ ಹೆಣಕ್ಕೆ ಹತ್ತಾರು ರಣಹದ್ದುಗಳು ಒಟ್ಟಿಗೆ ಇಳಿಯುತ್ತವೆ, ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಆ ಮರಿ ಬೆಳೆದು ಸಂತಾನಕ್ಕೆ ಸಿದ್ಧವಾಗಲು ಐದು ವರ್ಷದಷ್ಟು ಕಾಲ ಬೇಕು. ಹೀಗಿರುವಾಗ ಹೋದದ್ದನ್ನು ತುಂಬಿಕೊಳ್ಳುವುದು ಬಹಳ ನಿಧಾನ. ಅವು ಹೋದ ಮೇಲೆ ಹೆಣಗಳ ಮೇಲೆ ಬೀದಿನಾಯಿಗಳು ಸೇರಿಕೊಂಡವು, ಅವುಗಳ ಜೊತೆಗೆ ಹುಚ್ಚುನಾಯಿ ಕಡಿತದ ಅಪಾಯವೂ ಬೆಳೆಯಿತು.

ನಿಮ್ಮ ಊರಿನಿಂದ ಹತ್ತಿರದಲ್ಲೇ ಇರುವ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಸುಮಾರು 346 ಹೆಕ್ಟೇರಿನ ಆ ಬೆಟ್ಟದ ಬಂಡೆಯ ಸಂದುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ; ಆದರೆ ಉಳಿದಿರುವುದು ಕೈಬೆರಳೆಣಿಕೆಯಷ್ಟು. ಬೆಟ್ಟದ ಬುಡದಲ್ಲಿ ಎರಡು ಬೆಳಗು ಕಾದು ಕುಳಿತ ಮೇಲೆ ನಾನು ಒಂದನ್ನು ನೋಡಿದೆ. ಬಿಸಿಲು ಏರಿ ಬಂಡೆ ಕಾದ ನಂತರವೇ ಅದು ಅಂಚಿನಿಂದ ಜಾರಿಕೊಂಡಿತು. ರೆಕ್ಕೆಯನ್ನು ಒಮ್ಮೆಯೂ ಬಡಿಯದೆ, ಬಿಸಿಗಾಳಿಯ ಮೇಲೆ ಸುತ್ತು ಸುತ್ತಾಗಿ ಮೇಲೇರಿ ಹತ್ತು ನಿಮಿಷದಲ್ಲಿ ಚುಕ್ಕೆಯಾಯಿತು. ಬೆಟ್ಟಕ್ಕೆ ರಕ್ಷಣೆ ಸಿಕ್ಕಿದೆ ಎಂದರೆ ಅರ್ಧ ಕೆಲಸವಷ್ಟೇ ಆಯಿತು, ಏಕೆಂದರೆ ಆಹಾರ ಹುಡುಕಿಕೊಂಡು ರಣಹದ್ದು ದಿನಕ್ಕೆ ಹತ್ತಾರು ಕಿಲೋಮೀಟರ್ ದೂರ ಹಾರುತ್ತದೆ. ಅದು ತಿನ್ನಬೇಕಾದದ್ದು ನಿಮ್ಮ ನಮ್ಮ ಊರುಗಳ ರಾಸುಗಳನ್ನೇ.

ಈಗ ನೀವು ಮಾಡಬಹುದಾದದ್ದು. ದನಗಳಿಗೆ ಡೈಕ್ಲೋಫೆನಾಕ್ ಬಳಕೆಯನ್ನು 2006ರಲ್ಲೇ ನಿಷೇಧಿಸಲಾಗಿದೆ. ಮನುಷ್ಯರಿಗೆಂದು ಬರುವ ದೊಡ್ಡ ಸೀಸೆಗಳನ್ನೇ ದನಗಳಿಗೆ ಚುಚ್ಚುತ್ತಿದ್ದುದರಿಂದ 2015ರಲ್ಲಿ ಸೀಸೆಯ ಗಾತ್ರವನ್ನೂ 3 ಮಿಲಿಲೀಟರಿಗೆ ಇಳಿಸಲಾಯಿತು. ದನದ ಮೈಯಲ್ಲಿ ಡೈಕ್ಲೋಫೆನಾಕ್ ಆಗಿ ಮಾರ್ಪಡುವ ಅಸೆಕ್ಲೋಫೆನಾಕ್ ಮತ್ತು ಅದರೊಡನೆ ಕೀಟೋಪ್ರೊಫೆನ್ 2023ರಲ್ಲಿ ನಿಷೇಧಕ್ಕೆ ಒಳಗಾದವು. ಹಸುವಿಗೆ ಕೆಚ್ಚಲು ಬಾವು, ಜ್ವರ, ಕಾಲುನೋವು ಬಂದಾಗ ಮೆಲಾಕ್ಸಿಕಾಮ್ ಕೊಡಿ ಎಂದು ಪಶುವೈದ್ಯರನ್ನು ನೀವೇ ಹೆಸರು ಹಿಡಿದು ಕೇಳಿ. ಅದು ರಣಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಊರೂರು ಸುತ್ತಿ ಸೂಜಿ ಹಾಕುವವರ ಚೀಲದಲ್ಲಿ ಏನಿದೆ ಎಂದು ನೋಡದೆ ಹಾಕಿಸಬೇಡಿ. ಬೇರೆ ಯಾವುದೇ ನೋವಿನ ಮದ್ದು ಕೊಟ್ಟ ಮೇಲೆ ಕೆಲವೇ ದಿನಗಳಲ್ಲಿ ರಾಸು ತೀರಿಕೊಂಡರೆ ಅದನ್ನು ಬಯಲಿಗೆ ಹಾಕದೆ ಆಳವಾಗಿ ಹೂಳಿ. ನಿಮ್ಮ ಹಾಲಿನ ಸಂಘದ ಸಭೆಯಲ್ಲಿ ಈ ಮಾತನ್ನು ಒಮ್ಮೆ ಎತ್ತಿದರೆ, ನನ್ನ ಅಂಕಣ ಓದದ ನೂರು ಮನೆಗಳಿಗೂ ಅದು ತಲುಪುತ್ತದೆ.

ಪ್ರಶ್ನೆ: ಗಾಳಿಪಟದ ದಾರಕ್ಕೆ ಸಿಕ್ಕಿಕೊಂಡ ಹದ್ದು ನಮ್ಮ ಮಹಡಿಗೆ ಬಿದ್ದಿತ್ತು. ನೀರು ಕುಡಿಸಿದೆವು, ರಾತ್ರಿಯೇ ಸತ್ತುಹೋಯಿತು. ತಪ್ಪೆಲ್ಲಿ ಆಯಿತು? (ಓದುಗರು, ಬೆಂಗಳೂರು)

ಉತ್ತರ: ಗಾಯ ಎಷ್ಟು ಆಳವಿತ್ತೋ, ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಮುಂದೆ ಹೀಗಾದರೆ ಹಕ್ಕಿಯ ಮೇಲೆ ಬಟ್ಟೆ ಹಾಕಿ, ತಲೆ ಮುಚ್ಚಿ, ಉಗುರುಗಳಿಂದ ಕೈ ಕಾಪಾಡಿಕೊಂಡು ಎತ್ತಿ. ದಾರವನ್ನು ಎಳೆಯಬಾರದು, ಎಳೆದಷ್ಟೂ ಅದು ರೆಕ್ಕೆಯ ಮಾಂಸವನ್ನು ಕೊಯ್ಯುತ್ತದೆ. ಹೊರಗೆ ಜೋತಾಡುವ ಭಾಗವನ್ನು ಮಾತ್ರ ಕತ್ತರಿಸಿ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಗೆ ಇಡಿ. ಕೊಕ್ಕು ಬಿಡಿಸಿ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿರುವುದರಿಂದ ನೀರು, ಅನ್ನ, ಹಾಲು ಯಾವುದೂ ಬೇಡ. ತಡಮಾಡದೆ ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಚಿಕಿತ್ಸಾ ಕೇಂದ್ರಕ್ಕೆ ಕರೆ ಮಾಡಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದ್ದರೂ ಆಷಾಢದ ಗಾಳಿ ಬೀಸಿದ ಕೂಡಲೇ ಅದು ಮತ್ತೆ ಮಾರಾಟಕ್ಕೆ ಬರುತ್ತದೆ. ಮಕ್ಕಳಿಗೆ ಹತ್ತಿಯ ದಾರವನ್ನೇ ಕೊಡಿಸಿ.

ಪ್ರಶ್ನೆ: ಭತ್ತದ ಗೋದಾಮಿನ ಅಟ್ಟದಲ್ಲಿ ಬಿಳಿಯ ಮುಖದ ಗೂಬೆ ಮರಿ ಮಾಡಿದೆ. ರಾತ್ರಿ ಹಾವಿನಂತೆ ಬುಸುಗುಟ್ಟುತ್ತವೆ. ಮನೆಯ ಹಿರಿಯರು ಅಪಶಕುನ ಎಂದು ಓಡಿಸಲು ಹೇಳುತ್ತಾರೆ. (ಓದುಗರು, ದಾವಣಗೆರೆ)

ಉತ್ತರ: ಅದು ಕಣಜ ಗೂಬೆ. ಕಣಜ ಕಾಯುವ ಗೂಬೆ ಎಂದರೂ ತಪ್ಪಲ್ಲ. ಬುಸುಗುಟ್ಟುವುದು ಹಸಿದ ಮರಿಗಳು. ಎರಡು ಮೂರು ದಿನಕ್ಕೊಂದರಂತೆ ಮೊಟ್ಟೆ ಇಟ್ಟು ಮೊದಲ ಮೊಟ್ಟೆಯಿಂದಲೇ ಕಾವು ಕೊಡುವುದರಿಂದ ಒಂದೇ ಗೂಡಿನ ಮರಿಗಳು ಮೆಟ್ಟಿಲಿನಂತೆ ಸಣ್ಣದು ದೊಡ್ಡದಾಗಿರುತ್ತವೆ.

ಹಿರಿಯರನ್ನು ಒಪ್ಪಿಸಲು ಒಂದು ದಾರಿ ಹೇಳುತ್ತೇನೆ. ಗೂಡಿನ ಕೆಳಗೆ ಹೆಬ್ಬೆರಳ ಗಾತ್ರದ, ಮೆರುಗು ಹಚ್ಚಿದಂತಹ ಕಪ್ಪು ಉಂಡೆಗಳು ಬಿದ್ದಿರುತ್ತವೆ. ಅದು ಹಿಕ್ಕೆಯಲ್ಲ, ಅರಗದ ಮೂಳೆ ಕೂದಲನ್ನು ಗೂಬೆ ಬಾಯಿಂದ ಹೊರಹಾಕಿದ್ದು. ಅಂತಹ ಒಂದು ಉಂಡೆಯನ್ನು ನಾನು ಬಿಸಿನೀರಿನಲ್ಲಿ ನೆನೆಸಿ, ಕಡ್ಡಿಯಿಂದ ಬಿಡಿಸಿ ಹಳೆಯ ಪತ್ರಿಕೆಯ ಮೇಲೆ ಹರಡಿದ್ದೆ. ಬೂದು ಕೂದಲಿನ ನಡುವೆ ಮೂರು ಇಲಿಗಳ ತಲೆಬುರುಡೆಗಳು ಸಿಕ್ಕವು, ಪ್ರತಿಯೊಂದರಲ್ಲೂ ಕಿತ್ತಳೆ ಬಣ್ಣದ ಬಾಚಿಹಲ್ಲುಗಳು ಇನ್ನೂ ಗಟ್ಟಿಯಾಗಿ ಕುಳಿತಿದ್ದವು. ನಿಮ್ಮ ಅಜ್ಜನವರ ಮುಂದೆ ಇದನ್ನೇ ಮಾಡಿ ತೋರಿಸಿ, ಅವರೇ ಬುರುಡೆಗಳನ್ನು ಎಣಿಸಲಿ. ಬುಡುಬುಡಿಕೆಯವರು ಹಾಲಕ್ಕಿ ನುಡಿಯಿತೆಂದು ಬಾಗಿಲಲ್ಲಿ ಶುಭ ಹೇಳಿದಾಗ ಅದೇ ಹಿರಿಯರು ಮೊರದ ತುಂಬ ಅಕ್ಕಿ ಕೊಟ್ಟಿರುತ್ತಾರೆ. ಆ ಹಾಲಕ್ಕಿಯೂ ಗೂಬೆಯ ಜಾತಿಯದೇ ಎಂದು ನೆನಪಿಸಿ. ಮರಿಗಳು ಹಾರುವವರೆಗೆ ಗೋದಾಮಿನಲ್ಲಿ ಇಲಿ ಪಾಷಾಣ ಇಡಬೇಡಿ, ವಿಷ ತಿಂದು ತೂಗಾಡುವ ಇಲಿಯೇ ಗೂಬೆಗೆ ಮೊದಲು ಸಿಗುವುದು. ಮರಿಗಳಿರುವ ಸುದ್ದಿಯನ್ನು ಊರೆಲ್ಲ ಹೇಳಬೇಡಿ. ದೀಪಾವಳಿಯ ಹೊತ್ತಿಗೆ ಮಾಟಕ್ಕೆಂದು ಗೂಬೆ ಹಿಡಿದು ಮಾರುವವರಿದ್ದಾರೆ.

ಪ್ರಶ್ನೆ: ಹಿಂಗಾರಿ ಜೋಳ, ಕಡಲೆ ಹೊಲಗಳ ಮೇಲೆ ಚಳಿಗಾಲದಲ್ಲಿ ಮಾತ್ರ ಕಾಣುವ, ಬಹಳ ಕೆಳಗೆ ತೇಲುತ್ತಾ ಹೋಗುವ ಗಿಡುಗ ಯಾವುದು? (ಓದುಗರು, ಕೊಪ್ಪಳ ಜಿಲ್ಲೆ)

ಉತ್ತರ: ಕನ್ನಡದ ಪಕ್ಷಿವೀಕ್ಷಕರು ಸೆಳೆವ ಎಂದು ಕರೆಯುವ ಹ್ಯಾರಿಯರ್ ಅದು. ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ, ಪೈರಿನ ತುದಿಗೆ ತಾಗುವಂತೆ ಹೋಗುತ್ತಾ ಹೊಲದ ಸಾಲುಗಳನ್ನು ಒಂದೊಂದಾಗಿ ಶೋಧಿಸುವುದು ಅದರ ರೀತಿ. ಗಂಡು ಬೂದು ಬಣ್ಣದ್ದು, ಹೆಣ್ಣು ಕಂದು ಬಣ್ಣದ್ದು, ಹೆಣ್ಣಿನ ಬಾಲದ ಬುಡದಲ್ಲಿ ಬಿಳಿಯ ಪಟ್ಟಿಯಿರುತ್ತದೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ ಅಕ್ಟೋಬರಿನ ಸುಮಾರಿಗೆ ನಮ್ಮ ಎರೆಭೂಮಿಗೆ ಬಂದು, ಬೇಸಿಗೆಯ ಬಿಸಿಲು ಬಲಿಯುವ ಮೊದಲು ಮರಳುತ್ತದೆ. ಮಿಡತೆಗಳು ಅದರ ಮುಖ್ಯ ಆಹಾರಗಳಲ್ಲೊಂದು, ಆದುದರಿಂದ ನಿಮ್ಮ ಬೆಳೆಗೆ ಅದು ಬಂಧುವೇ.

ಇದು ಮರದ ಮೇಲೆ ಮಲಗುವ ಹಕ್ಕಿಯಲ್ಲ. ಮುಸ್ಸಂಜೆಯಲ್ಲಿ ಹತ್ತಾರು ಹಕ್ಕಿಗಳು ಒಂದು ಹುಲ್ಲುಗಾವಲಿಗೆ ಬಂದು ನೆಲದ ಮೇಲೆಯೇ ರಾತ್ರಿ ಕಳೆಯುತ್ತವೆ. ದಾಖಲೆಗಳಲ್ಲಿ ಬಂಜರು ಎಂದು ಬರೆಸಿಕೊಂಡಿರುವ ಇಂತಹ ಹುಲ್ಲುಗಾವಲುಗಳನ್ನು ಉಳುಮೆಗೋ ನೀಲಗಿರಿ ತೋಪಿಗೋ ಕೊಟ್ಟುಬಿಟ್ಟರೆ ಅವಕ್ಕೆ ಇಳಿಯಲು ಜಾಗವಿರುವುದಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಯಲ್ಲಿ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ದೊಡ್ಡ ಹುಲ್ಲುಗಾವಲು ಹಕ್ಕಿಗೆ ಒದಗಿದ ಸ್ಥಿತಿಯೂ ಇದೇ ಆದ್ದರಿಂದ ಈ ಮಾತನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ನಿಮ್ಮ ಊರಿನ ಗೋಮಾಳದಲ್ಲಿ ಈ ಹಕ್ಕಿಗಳು ಸಂಜೆ ಇಳಿಯುವ ಜಾಗವೇನಾದರೂ ಗೊತ್ತಿದ್ದರೆ ದೂರದಿಂದಲೇ ಎಣಿಸಿ, ಮೊದಲ ಹಕ್ಕಿ ಬಂದ ತಾರೀಖನ್ನೂ ಕೊನೆಯದು ಹೋದ ತಾರೀಖನ್ನೂ ಬರೆದಿಟ್ಟು ನಮಗೆ ಕಳುಹಿಸಿ. ಮುಂದಿನ ಚಳಿಗಾಲದ ಸಂಚಿಕೆಯಲ್ಲಿ ಅದನ್ನು ಪ್ರಕಟಿಸುತ್ತೇನೆ.