ಮಂಜು ಕವಿದ ಗದ್ದೆ: ನೆಮ್ಮದಿಯೇ, ಸೂತಕವೇ?

ಪ್ರಶ್ನೆ: ನಮ್ಮ ಹಜಾರದಲ್ಲಿರುವ ಜಲವರ್ಣ ಚಿತ್ರದ ಫೋಟೊ ಕಳುಹಿಸಿದ್ದೇನೆ. ನೀರು ನಿಂತ ಗದ್ದೆ, ಹಿಂದೆ ಹೆಂಚಿನ ಐನ್‌ಮನೆ (ಕೊಡವ ಮನೆತನದ ಮೂಲಮನೆ), ಆಚೆಗೆ ಮಂಜು ಕವಿದ ಬೆಟ್ಟ. ಒಬ್ಬ ಮನುಷ್ಯನೂ ಇಲ್ಲ. ನನಗೆ ನೋಡಿದಷ್ಟೂ ನೆಮ್ಮದಿ. ನನ್ನ ಪತಿಗೆ ಅದು ಸೂತಕದ ಮನೆಯಂತೆ ಕಾಣುತ್ತದಂತೆ. ಯಾರದು ಸರಿ?
– ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ಚಿತ್ರದ ಭಾವ ಯಾವುದೆಂದು ಕೇಳುವ ಮೊದಲು, ಅದು ಯಾವ ತಿಂಗಳು, ದಿನದ ಯಾವ ಹೊತ್ತು ಎಂದು ಕೇಳಿಕೊಳ್ಳಿ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821ರಲ್ಲಿ ಪ್ರದರ್ಶಿಸಿದ, ಇಂದು ಹುಲ್ಲುಗಾಡಿಯ ಚಿತ್ರವೆಂದೇ ಜನ ಗುರುತಿಸುವ ಕೃತಿಗೆ ಆತ ಇಟ್ಟ ಹೆಸರಿನಲ್ಲಿ ಗಾಡಿಯ ಸುದ್ದಿಯೇ ಇರಲಿಲ್ಲ. 'ಭೂದೃಶ್ಯ: ನಡುಹಗಲು' ಎಂದಷ್ಟೇ ಇತ್ತು.

ನಿಮ್ಮ ಚಿತ್ರದ ತಿಂಗಳು ಕಕ್ಕಡ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವರ ಮಳೆಗಾಲದ ತಿಂಗಳು. ಏರಿಯ ಪಕ್ಕ, ನೀರಿನಲ್ಲಿ ಮೂರು ಹಳದಿ ಮಿಶ್ರಿತ ಹಸಿರು ಚುಕ್ಕೆಗಳಿವೆ ನೋಡಿ. ಅವು ಹುಲ್ಲಲ್ಲ, ನಾಟಿಗೆ ಕಿತ್ತಿಟ್ಟ ಸಸಿಯ ಕಟ್ಟುಗಳು. ಪಕ್ಕದಲ್ಲೊಂದು ಗೊರಬು, ಮಳೆಯಲ್ಲಿ ಗದ್ದೆ ಕೆಲಸಕ್ಕೆ ತಲೆ-ಬೆನ್ನಿಗೆ ಹೊದೆಯುವ ಹೊದಿಕೆ, ಕವುಚಿಕೊಂಡಿದೆ. ಹೆಂಚಿನ ಸಂದಿಯಿಂದ ಹೊರಟ ಹೊಗೆ ಮೇಲೇರದೆ ಮಾಡಿನ ಮೇಲೆಯೇ ಹರಡಿದೆ. ಮಳೆಗಾಲದ ಹೊಗೆ ಹಾಗೆಯೇ. ಅಂದರೆ ಒಲೆ ಉರಿಯುತ್ತಿದೆ, ಜನ ಉಣ್ಣಲು ಒಳಗೆ ಹೋಗಿದ್ದಾರೆ. ಸೂತಕದ ಮಾತಿಗೆ ಇಲ್ಲಿ ಜಾಗವಿಲ್ಲ.

ಆದರೂ ನಿಮ್ಮ ಪತಿಯ ಕಣ್ಣು ಸುಳ್ಳು ಹೇಳಿಲ್ಲ. ಒದ್ದೆ ಕಾಗದದ ಮೇಲೆ ಬಣ್ಣ ಬಿಟ್ಟು ಕಲಾವಿದರು ಬೆಟ್ಟದ ಅಂಚನ್ನು ಕರಗಿಸಿದ್ದಾರೆ. ಮಂಜಿನ ಬಿಳುಪು ಬಣ್ಣವಲ್ಲ, ಮುಟ್ಟದೆ ಬಿಟ್ಟ ಕಾಗದ. ದೂರದ ವಸ್ತು ಮಸುಕಾಗಿ, ನೀಲಿಯಾಗಿ ಕಾಣುವುದು ಸಹಜ. ಇಲ್ಲಿ ಕೂಗಳತೆಯ ಮನೆಯನ್ನೂ ಅದೇ ಮಸುಕಿಗೆ ತಳ್ಳಲಾಗಿದೆ. ಹತ್ತಿರದ್ದು ಕೈಗೆಟುಕದು ಎನ್ನಿಸುವುದು ಅದರಿಂದ. ಬೆಟ್ಟದ ಬುಡದ ನೇರಳೆಯೂ ತುಸು ಭಾರವೇ. (ನನಗಂತೂ ಅದು ಕಕ್ಕಡದಲ್ಲಿ ಮದ್ದುಸೊಪ್ಪೆಂಬ ಔಷಧಿ ಸೊಪ್ಪಿನ ರಸದಿಂದ ಮಾಡುವ ನೇರಳೆ ಪಾಯಸದ ಬಣ್ಣ, ದುಃಖ ಹುಟ್ಟುವುದಿಲ್ಲ, ಹಸಿವಾಗುತ್ತದೆ.)

ತೂಗಿ ನೋಡಿದರೆ ನಾನು ನಿಮ್ಮ ಕಡೆ. ಇಡೀ ಚಿತ್ರದಲ್ಲಿ ಬೆಚ್ಚಗಿನ ಬಣ್ಣವಿರುವುದು ಆ ಸಸಿಕಟ್ಟುಗಳಲ್ಲಿ ಮಾತ್ರ. ಅಂಚು ಚೂಪಾಗಿರುವುದೂ ಅಲ್ಲಿಯೇ. ಕಣ್ಣು ಎಲ್ಲಿ ಸುತ್ತಿದರೂ ಮುಗಿಯದ ಆ ಕೆಲಸಕ್ಕೇ ಮರಳಬೇಕೆಂದು ಕಲಾವಿದರು ಬಯಸಿದ್ದಾರೆ.

ಒಂದು ಮಾತು ಕೇಳಲೇ? ನಿಮ್ಮ ಪತಿಯ ಮನೆತನದ ಗದ್ದೆಯಲ್ಲಿ ಈಗಲೂ ನಾಟಿ ನಡೆಯುತ್ತಿದೆಯೇ? ಕೊಡಗಿನಲ್ಲಿ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ. ಅವರದೂ ಹಾಗಾಗಿದ್ದರೆ, ಸಸಿಕಟ್ಟುಗಳನ್ನು ತೋರಿಸುವ ಮೊದಲು ಅವರ ಗದ್ದೆಯ ಕಥೆಯನ್ನು ಕೇಳಿ.